ಮೊಣಕಾಲಿನ ನೋವು, ಸೊಂಟದ ಮುರಿತ: ಕೊಪ್ಪಳದ ಹಿರಿಯರ ಮೂಳೆಗೆ ಇಮ್ಮಡಿ ಪೆಟ್ಟು

ಕೊಪ್ಪಳ: ವಯಸ್ಸಾದವರಿಗೆ ಮೊಣಕಾಲು ನೋಯುವುದು ಸಹಜ ಎಂಬ ಮಾತು ಜಿಲ್ಲೆಯ ಯಾವ ಹಳ್ಳಿಗೆ ಹೋದರೂ ಕೇಳಿಬರುತ್ತದೆ. ಎದ್ದು ನಿಲ್ಲಲು ಗೋಡೆಯ ಆಸರೆ, ಬಸ್ ಹತ್ತಲು ಮೊಮ್ಮಕ್ಕಳ ಕೈ, ನೋವು ಹೆಚ್ಚಾದಾಗ ಪೇಟೆಯಲ್ಲೊಂದು ಇಂಜೆಕ್ಷನ್. ಹೀಗೆ ವರ್ಷಗಳು ಉರುಳುತ್ತವೆ. ಒಂದು ರಾತ್ರಿ ಬಚ್ಚಲಿಗೆ ಹೋಗುವಾಗ ಹೊಸ್ತಿಲು ಎಡವಿ ಬಿದ್ದರೆ ‘ಟೊಂಕ ಮುರಿಯಿತು’ ಎಂಬ ಸುದ್ದಿ ಬೆಳಗಾಗುವಷ್ಟರಲ್ಲಿ ಓಣಿಯೆಲ್ಲ ಹರಡುತ್ತದೆ. ಮೊಣಕಾಲಿನ ಹಳೆಯ ನೋವಿಗೂ ಆ ರಾತ್ರಿಯ ಮುರಿತಕ್ಕೂ ನಂಟಿದೆ ಎಂದು ಯೋಚಿಸುವವರು ವಿರಳ.

ಆದರೆ ನಂಟು ಇದೆ ಎಂಬುದನ್ನು ವೈದ್ಯಕೀಯ ಅಧ್ಯಯನಗಳು ತೋರಿಸಿಕೊಟ್ಟಿವೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಮತ್ತು ಗಂಗಾವತಿ ಭಾಗದ ಮಟ್ಟಿಗೆ ಈ ನಂಟಿನ ನಡುವೆ ಮೂರನೆಯದೊಂದು ಎಳೆಯೂ ಸೇರಿಕೊಂಡಿದೆ. ಅದು ಕೊಳವೆ ಬಾವಿಗಳ ನೀರಿನಲ್ಲಿರುವ ಫ್ಲೋರೈಡ್. ಕೀಲುಗಳನ್ನು ಬಿಗಿಗೊಳಿಸುವ ಈ ಅಂಶ ಮೂಳೆಯನ್ನು ದಪ್ಪವಾಗಿಸುತ್ತದೆ, ಗಟ್ಟಿಯಾಗಿ ಕಾಣುವಂತೆ ಮಾಡುತ್ತದೆ. ಆದರೆ ಬಲ ತುಂಬುವುದಿಲ್ಲ.

ಮೊಣಕಾಲಿನಲ್ಲಿ ಆಗುವುದೇನು?

ತೊಡೆಮೂಳೆ ಮತ್ತು ಕಾಲಿನ ಮೂಳೆ ಸೇರುವ ಜಾಗದಲ್ಲಿ ಎರಡೂ ತುದಿಗಳ ಮೇಲೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಮೂಳೆಗೆ ಮೂಳೆ ಉಜ್ಜದಂತೆ ತಡೆಯುವುದು ಇದರ ಕೆಲಸ. ವಯಸ್ಸು, ದೇಹತೂಕ, ಹಳೆಯ ಪೆಟ್ಟು, ದುಡಿಮೆಯ ಭಾರ ಹಾಗೂ ಅನುವಂಶೀಯ ಕಾರಣಗಳಿಂದ ಈ ಹೊದಿಕೆ ಹಾಳಾಗುತ್ತಾ ಹೋಗುವುದೇ ಆಸ್ಟಿಯೋಆರ್ಥ್ರೈಟಿಸ್. ಜನರ ಮಾತಿನಲ್ಲಿ ಇದು ‘ಮೊಣಕಾಲು ಸವೆತ’. ಇದು ಬರಿಯ ಸವೆತವೂ ಅಲ್ಲ. ಕೀಲಿನೊಳಗೆ ಆಗಾಗ ಉರಿಯೂತ ಉಂಟಾಗುತ್ತದೆ, ಮೂಳೆಯ ಅಂಚುಗಳಲ್ಲಿ ಮುಳ್ಳಿನಂತಹ ಬೆಳವಣಿಗೆ ಕಾಣಿಸುತ್ತದೆ, ಸುತ್ತಲಿನ ಸ್ನಾಯುಗಳು ಸೊರಗುತ್ತವೆ.

ಆಗ್ರಾ, ಬೆಂಗಳೂರು, ಕೋಲ್ಕತ್ತಾ, ಡೆಹ್ರಾಡೂನ್ ಮತ್ತು ಪುಣೆ ಕೇಂದ್ರಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಪರೀಕ್ಷೆಗೊಳಗಾದವರ ಪೈಕಿ ಶೇ 28.7ರಷ್ಟು ಮಂದಿಗೆ ಮೊಣಕಾಲಿನ ಆಸ್ಟಿಯೋಆರ್ಥ್ರೈಟಿಸ್ ಇರುವುದು ಕಂಡುಬಂದಿತ್ತು. ಮಹಿಳೆಯರಲ್ಲಿ ಇದರ ಪ್ರಮಾಣ ಹೆಚ್ಚು. ಗಂಗಾವತಿಯ ಗದ್ದೆಗಳಲ್ಲಿ ಸೊಂಟ ಬಗ್ಗಿಸಿ ಭತ್ತದ ಸಸಿ ನೆಡುವವರು, ಕುಷ್ಟಗಿ-ಯಲಬುರ್ಗಾದ ಹೊಲಗಳಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಳೆ ಕೀಳುವವರು, ತಲೆಯ ಮೇಲೆ ಕೊಡ ಹೊತ್ತು ನೀರು ತರುವವರು ಬಹುಪಾಲು ಮಹಿಳೆಯರೇ.

ನೋವಿನಿಂದ ಮುರಿತದವರೆಗೆ

ಸೊಂಟದ ಮೂಳೆ ಮುರಿತ ಎಂದು ಕರೆಯುವುದು ವಾಸ್ತವವಾಗಿ ತೊಡೆಮೂಳೆಯ ಮೇಲ್ತುದಿಯ ಮುರಿತವನ್ನು. ಸೊಂಟದ ಗುಣಿಯೊಳಗೆ ಕೂರುವ ಚೆಂಡಿನಾಕಾರದ ತಲೆ, ಅದರ ಕೆಳಗಿನ ಸಣ್ಣ ಕುತ್ತಿಗೆ, ಅದರ ಕೆಳಗಿನ ಅಗಲವಾದ ಭಾಗ – ಇವುಗಳಲ್ಲಿ ಕುತ್ತಿಗೆ ಅಥವಾ ಅದರ ಕೆಳಭಾಗ ಮುರಿಯುತ್ತದೆ. ಹಿರಿಯರಲ್ಲಿ ಇಂತಹ ಹತ್ತು ಮುರಿತಗಳಲ್ಲಿ ಒಂಬತ್ತಕ್ಕೂ ಹೆಚ್ಚು ಬೀಳುವುದರಿಂದಲೇ ಆಗುತ್ತವೆ. ಮರದಿಂದಲೋ ಮಾಳಿಗೆಯಿಂದಲೋ ಬೀಳಬೇಕೆಂದಿಲ್ಲ. ನಿಂತ ನೆಲದ ಮೇಲೆ ಪಕ್ಕಕ್ಕೆ ವಾಲಿ ಬಿದ್ದರೂ ಸಾಕು.

ಮೊಣಕಾಲಿನ ಪಾತ್ರ ಇರುವುದು ಇಲ್ಲಿಯೇ. ನೋಯುವ ಕಾಲಿನ ಮೇಲೆ ಭಾರ ಹಾಕಲು ಮನುಷ್ಯ ಹಿಂಜರಿಯುತ್ತಾನೆ. ಬಳಕೆಯಿಲ್ಲದೆ ತೊಡೆಯ ಮುಂಭಾಗದ ಸ್ನಾಯು ಕರಗುತ್ತದೆ. ಈ ಸ್ನಾಯುವೇ ಮೊಣಕಾಲನ್ನು ಹಿಡಿದು ನಿಲ್ಲಿಸುವುದು. ಅದು ಸೋತಾಗ ನಡೆಯುತ್ತಿರುವಂತೆಯೇ ಮೊಣಕಾಲು ಕುಸಿಯುತ್ತದೆ. ಹೆಜ್ಜೆ ಎತ್ತಿ ಇಡುವ ಬದಲು ಎಳೆದು ಇಡುವ ಅಭ್ಯಾಸವಾಗುತ್ತದೆ. ಸಣ್ಣ ಕಲ್ಲೂ ಎಡವುತ್ತದೆ. ಎಡವಿದಾಗ ಇನ್ನೊಂದು ಹೆಜ್ಜೆ ಚುರುಕಾಗಿ ಮುಂದಿಟ್ಟು ಸಾವರಿಸಿಕೊಳ್ಳಲು ಗಟ್ಟಿಯಾದ ಮೊಣಕಾಲು ಬೇಕು. ಅದೇ ಇಲ್ಲವಾದಾಗ ದೇಹ ಪಕ್ಕಕ್ಕೆ ಉರುಳಿ, ಪೂರ್ಣ ಭಾರ ಸೊಂಟದ ಮೇಲೆ ಬೀಳುತ್ತದೆ.

ವೈದ್ಯಕೀಯ ಲೋಕವನ್ನು ಬಹುಕಾಲ ಕಾಡಿದ ವಿಪರ್ಯಾಸವೊಂದು ಇಲ್ಲಿದೆ. ಆಸ್ಟಿಯೋಆರ್ಥ್ರೈಟಿಸ್ ಇರುವವರ ಮೂಳೆಯ ಸಾಂದ್ರತೆ ಸಾಮಾನ್ಯವಾಗಿ ಇತರರಿಗಿಂತ ತುಸು ಹೆಚ್ಚೇ ಇರುತ್ತದೆ. ಹಾಗಿದ್ದರೆ ಅವರಿಗೆ ಮುರಿತ ಕಡಿಮೆಯಾಗಬೇಕಿತ್ತು. ಆದರೆ ನೆದರ್ಲೆಂಡ್ಸ್‌ನ ರಾಟರ್‌ಡ್ಯಾಮ್ ನಗರದ ಹಿರಿಯರನ್ನು ವರ್ಷಗಳ ಕಾಲ ಗಮನಿಸಿ 2003ರಲ್ಲಿ ಪ್ರಕಟಿಸಿದ ವರದಿ ಬೇರೆಯೇ ಚಿತ್ರ ಕೊಟ್ಟಿತು. ಎಕ್ಸ್-ರೇಯಲ್ಲಿ ಮೊಣಕಾಲು ಸವೆತ ಕಂಡುಬಂದವರಲ್ಲಿ, ಮೂಳೆ ಸಾಂದ್ರತೆ ಚೆನ್ನಾಗಿದ್ದರೂ, ಬೆನ್ನುಮೂಳೆ ಹೊರತಾದ ಇತರ ಮೂಳೆಗಳ ಮುರಿತದ ಅಪಾಯ ಸುಮಾರು ಒಂದೂವರೆ ಪಟ್ಟು ಇತ್ತು. 2006ರಲ್ಲಿ ಬ್ರಿಟನ್ನಿನಿಂದ ಬಂದ ಮತ್ತೊಂದು ಅಧ್ಯಯನ 75 ವರ್ಷ ದಾಟಿದ ಆರು ಸಾವಿರಕ್ಕೂ ಹೆಚ್ಚು ಮಂದಿಯನ್ನು ಒಳಗೊಂಡಿತ್ತು. ಮೊಣಕಾಲು ನೋವಿದ್ದವರಲ್ಲಿ ಸೊಂಟದ ಮುರಿತದ ಅಪಾಯ ಸುಮಾರು ಇಮ್ಮಡಿ ಎಂಬುದು ಅದರ ಫಲಿತಾಂಶ.

ಮುರಿತವನ್ನು ನಿರ್ಧರಿಸುವುದು ಮೂಳೆಯ ಸಾಂದ್ರತೆ ಒಂದೇ ಅಲ್ಲ. ಎಷ್ಟು ಬಾರಿ, ಹೇಗೆ ಬೀಳುತ್ತಾರೆ ಎಂಬುದೂ ಮೂಳೆಯ ಗುಣಮಟ್ಟ ಎಂತಹದು ಎಂಬುದೂ ಅಷ್ಟೇ ಮುಖ್ಯ ಎಂಬುದು ಇದರ ತಾತ್ಪರ್ಯ. ಈ ಎರಡನೆಯ ಪ್ರಶ್ನೆಯೇ ಕೊಪ್ಪಳ ಜಿಲ್ಲೆಗೆ ಹೆಚ್ಚು ಅನ್ವಯಿಸುತ್ತದೆ.

ನೆಲದಡಿಯ ನೀರಿನ ಕಥೆ

1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾದಾಗ ಕೊಪ್ಪಳದಲ್ಲಿದ್ದುದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲ್ಲೂಕುಗಳು. ಕನಕಗಿರಿ, ಕಾರಟಗಿ, ಕುಕನೂರು ತಾಲ್ಲೂಕುಗಳಾದದ್ದು ಅನಂತರ. ನೀರಿನ ದೃಷ್ಟಿಯಿಂದ ಈ ಜಿಲ್ಲೆ ಎರಡು ಲೋಕಗಳಂತಿದೆ. ತುಂಗಭದ್ರಾ ಅಣೆಕಟ್ಟೆಯ ಎಡದಂಡೆ ಕಾಲುವೆ ಹರಿಯುವ ಗಂಗಾವತಿಯ ಕಡೆ ಭತ್ತದ ಹಸಿರು. ಕುಷ್ಟಗಿ ಮತ್ತು ಯಲಬುರ್ಗಾದ ಕಡೆ ಎರೆ ಮತ್ತು ಮಸಾರಿ ಭೂಮಿ, ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆ, ಕುಡಿಯಲೂ ಕೃಷಿಗೂ ದಶಕಗಳಿಂದ ಕೊಳವೆ ಬಾವಿಯೇ ಗತಿ.

ಈ ಭಾಗದ ನೆಲದಡಿ ಇರುವುದು ಬಹುತೇಕ ಗ್ರಾನೈಟ್ ಮತ್ತು ನೈಸ್ ಶಿಲೆ. ಇವುಗಳ ಖನಿಜಗಳಲ್ಲಿ ಫ್ಲೋರೈಡ್ ಸಹಜವಾಗಿಯೇ ಇರುತ್ತದೆ. ಮಳೆ ಕಡಿಮೆ, ನೀರು ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಲ್ಲುತ್ತದೆ; ನಿಂತಷ್ಟೂ ಫ್ಲೋರೈಡ್ ಕರಗಿ ಸೇರುತ್ತದೆ. ಭಾರತೀಯ ಮಾನಕ ಬ್ಯೂರೋ ಕುಡಿಯುವ ನೀರಿಗೆ ನಿಗದಿಪಡಿಸಿರುವ ಸ್ವೀಕಾರಾರ್ಹ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂ. ಕುಷ್ಟಗಿ, ಯಲಬುರ್ಗಾ ಹಾಗೂ ಕೊಪ್ಪಳ ತಾಲ್ಲೂಕುಗಳ ಹಲವು ಗ್ರಾಮಗಳ ಕೊಳವೆ ಬಾವಿಗಳ ನೀರು ಈ ಮಿತಿಯನ್ನು ದಾಟಿರುವುದು ಹೊಸ ಸಂಗತಿಯೇನಲ್ಲ.

ಭಾರತದಲ್ಲಿ ಈ ಕಾಯಿಲೆ ಮೊದಲು ವೈದ್ಯಕೀಯ ದಾಖಲೆಗೆ ಬಂದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಿಂದ. ಕೇಂದ್ರ ಸರ್ಕಾರ ರಾಷ್ಟ್ರೀಯ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮವನ್ನು ಆರಂಭಿಸಿದ್ದು 2008-09ರಲ್ಲಿ. ನಡುವೆ ಏಳು ದಶಕಗಳು ಕಳೆದಿದ್ದವು.

ಮೂಳೆಯೊಳಗೆ ಏನಾಗುತ್ತದೆ?

ನೀರಿನೊಂದಿಗೆ ದೇಹ ಸೇರಿದ ಫ್ಲೋರೈಡ್‌ನಲ್ಲಿ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಉಳಿದದ್ದು ಮೂಳೆಯಲ್ಲಿ ನೆಲೆಸುತ್ತದೆ. ಅಲ್ಲಿ ಕ್ಯಾಲ್ಸಿಯಂ ಹರಳುಗಳ ರಚನೆಯೊಳಕ್ಕೆ ನುಸುಳಿ, ಹೊಸ ಮೂಳೆ ಬೆಳೆಯುವಂತೆ ಜೀವಕೋಶಗಳನ್ನು ಪ್ರಚೋದಿಸುತ್ತದೆ. ಹಾಗೆ ಬೆಳೆದ ಮೂಳೆ ಅಡ್ಡಾದಿಡ್ಡಿಯಾದದ್ದು. ಜೊತೆಗೆ ಕೀಲುಗಳನ್ನು ಬಂಧಿಸುವ ಅಸ್ಥಿರಜ್ಜುಗಳಲ್ಲೂ ಸುಣ್ಣದಂಶ ಕೂಡುತ್ತದೆ. ಮೊದಲು ಕೈಕಾಲುಗಳ ಕೀಲು ನೋವು, ಬೆನ್ನಿನ ಬಿಗಿತ. ವರ್ಷಗಳು ಕಳೆದಂತೆ ಕುತ್ತಿಗೆ ಮತ್ತು ಬೆನ್ನು ಕೋಲಿನಂತಾಗುವುದು. ತೀವ್ರವಾದರೆ ನರಗಳ ಮೇಲೆ ಒತ್ತಡ – ಇದು ಮೂಳೆ ಫ್ಲೋರೋಸಿಸ್‌ನ ಹಾದಿ.

ಆಹಾರಕ್ಕೂ ಇದರಲ್ಲಿ ಪಾಲಿದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯ ವಿಜ್ಞಾನಿಗಳು 1977ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅನ್ನ ಉಣ್ಣುವಾಗಿಗಿಂತ ಜೋಳ ಉಣ್ಣುವಾಗ ದೇಹದಲ್ಲಿ ಹೆಚ್ಚು ಫ್ಲೋರೈಡ್ ಉಳಿಯುವುದು ಕಂಡುಬಂದಿತ್ತು. ಇದನ್ನು ಓದಿ ಯಾರೂ ರೊಟ್ಟಿ ಬಿಡಬೇಕಿಲ್ಲ. ಜೋಳ ಸತ್ವಯುತ ಧಾನ್ಯ. ಬದಲಾಗಬೇಕಿರುವುದು ನೀರು. ರೊಟ್ಟಿಯ ಜೊತೆ ಮಜ್ಜಿಗೆ, ಎಳ್ಳು, ಗುರೆಳ್ಳು ಚಟ್ನಿ, ನುಗ್ಗೆಸೊಪ್ಪು ಇದ್ದರೆ ಒಳ್ಳೆಯದು. ಕ್ಯಾಲ್ಸಿಯಂ ಸಾಕಷ್ಟು ಇರುವ ಊಟ ಫ್ಲೋರೈಡ್ ರಕ್ತ ಸೇರುವುದನ್ನು ಕಡಿಮೆ ಮಾಡುತ್ತದೆ.

ಸಾಂದ್ರವಾದದ್ದೆಲ್ಲ ಬಲವಾದದ್ದಲ್ಲ

ಮೂಳೆಯನ್ನು ಸಾಂದ್ರಗೊಳಿಸುವ ಈ ಗುಣವನ್ನೇ ಔಷಧವಾಗಿಸಬಹುದೇ ಎಂದು ಒಂದು ಕಾಲದಲ್ಲಿ ವೈದ್ಯರು ಯೋಚಿಸಿದ್ದರು. ಅಮೆರಿಕದ ಮೇಯೊ ಕ್ಲಿನಿಕ್ ತಜ್ಞರು ಆಸ್ಟಿಯೋಪೊರೋಸಿಸ್ (ಮೂಳೆ ಟೊಳ್ಳಾಗುವ ಕಾಯಿಲೆ) ಇದ್ದ, ಮುಟ್ಟು ನಿಂತ 202 ಮಹಿಳೆಯರ ಮೇಲೆ ನಾಲ್ಕು ವರ್ಷ ಪ್ರಯೋಗ ನಡೆಸಿದರು. ಅರ್ಧದಷ್ಟು ಮಂದಿಗೆ ದಿನಕ್ಕೆ 75 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್ ನೀಡಲಾಯಿತು. 1990ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಬೆಚ್ಚಿಬೀಳಿಸಿತು. ಕೆಳಬೆನ್ನಿನ ಮೂಳೆಯ ಸಾಂದ್ರತೆ ಶೇ 35ರಷ್ಟು, ತೊಡೆಮೂಳೆಯ ಕುತ್ತಿಗೆಯ ಸಾಂದ್ರತೆ ಶೇ 12ರಷ್ಟು ಹೆಚ್ಚಿತ್ತು. ಆದರೆ ಬೆನ್ನುಮೂಳೆಯ ಮುರಿತಗಳು ಗಮನಾರ್ಹವಾಗಿ ಕಡಿಮೆಯಾಗಲಿಲ್ಲ. ಇತರ ಮೂಳೆಗಳ ಮುರಿತ ಮೂರು ಪಟ್ಟಿಗೂ ಹೆಚ್ಚಾಯಿತು.

ಅದು ಔಷಧದ ದೊಡ್ಡ ಪ್ರಮಾಣ. ಕುಡಿಯುವ ನೀರಿನ ವಿಚಾರದಲ್ಲಿ ಚೀನಾದ ಅಧ್ಯಯನವೊಂದು ಹೆಚ್ಚು ಹತ್ತಿರದ್ದು. ನೀರಿನಲ್ಲಿ ಬೇರೆ ಬೇರೆ ಪ್ರಮಾಣದ ಫ್ಲೋರೈಡ್ ಇದ್ದ ಆರು ಗ್ರಾಮೀಣ ಸಮುದಾಯಗಳಲ್ಲಿ 50 ವರ್ಷ ದಾಟಿದ ಎಂಟು ಸಾವಿರಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿ 2001ರಲ್ಲಿ ವರದಿ ಪ್ರಕಟಿಸಲಾಯಿತು. ಲೀಟರಿಗೆ ಸುಮಾರು 1 ಮಿಲಿಗ್ರಾಂ ಇದ್ದಲ್ಲಿ ಒಟ್ಟಾರೆ ಮುರಿತ ಕನಿಷ್ಠ. 4.3 ಮಿಲಿಗ್ರಾಂ ದಾಟಿದ ಪ್ರದೇಶದಲ್ಲಿ ಸೊಂಟದ ಮುರಿತ ಸ್ಪಷ್ಟವಾಗಿ ಹೆಚ್ಚು.

ಮಣ್ಣಿನ ಗೋಡೆಗೆ ಗಾರೆ ಮೆತ್ತಿದರೆ ದಪ್ಪವಾಗುತ್ತದೆ, ಆದರೆ ಒಳಗಿನ ಕಟ್ಟು ಸಡಿಲವಿದ್ದರೆ ಒಂದೇ ಪೆಟ್ಟಿಗೆ ಬಿರುಕು ಬಿಡುತ್ತದೆ. ಫ್ಲೋರೈಡ್ ತುಂಬಿದ ಮೂಳೆಯದೂ ಇದೇ ಸ್ಥಿತಿ. ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಪರೀಕ್ಷೆಯ ವರದಿ ಚೆನ್ನಾಗಿದೆ ಎಂಬ ಕಾರಣಕ್ಕೆ ಈ ಭಾಗದ ಹಿರಿಯರು ನಿಶ್ಚಿಂತರಾಗುವಂತಿಲ್ಲ ಎಂಬುದಕ್ಕೆ ಇದೇ ಆಧಾರ.

ಎರಡನ್ನೂ ಗುರುತಿಸುವುದು ಹೇಗೆ?

ಮೊಣಕಾಲು ಸವೆತವೋ ಫ್ಲೋರೋಸಿಸ್ಸೋ ಎಂಬುದು ನೋವಿನಿಂದ ಮಾತ್ರ ತಿಳಿಯದು. ಒಬ್ಬರಲ್ಲೇ ಎರಡೂ ಇರಬಹುದು. ನೋವು ಮೊಣಕಾಲಿಗಷ್ಟೇ ಸೀಮಿತವಾಗಿದ್ದು, ನಡೆದಾಗ ಹೆಚ್ಚಾಗಿ ಕುಳಿತಾಗ ಕಡಿಮೆಯಾದರೆ ಸವೆತದ ಸಾಧ್ಯತೆ ಹೆಚ್ಚು. ಕುತ್ತಿಗೆ, ಬೆನ್ನು, ಭುಜ ಎಲ್ಲವೂ ಬಿಗಿದಿದ್ದು, ಊರಿನ ಹಲವರಲ್ಲಿ ಅದೇ ತೊಂದರೆ ಇದ್ದರೆ ನೀರಿನತ್ತ ನೋಡಬೇಕು.

ಆರೋಗ್ಯ ಕಾರ್ಯಕರ್ತರು ಮೂರು ಸರಳ ಪರೀಕ್ಷೆಗಳನ್ನು ಬಳಸುತ್ತಾರೆ. ಮೊಣಕಾಲು ಬಗ್ಗಿಸದೆ ನೆಲದ ಮೇಲಿನ ನಾಣ್ಯ ಎತ್ತುವುದು, ಗದ್ದವನ್ನು ಎದೆಗೆ ತಾಗಿಸುವುದು, ಎರಡೂ ಕೈ ಎತ್ತಿ ತಲೆಯ ಹಿಂದೆ ಮಡಿಸುವುದು. ಇವು ಅನುಮಾನ ಮೂಡಿಸುವ ಪರೀಕ್ಷೆಗಳೇ ಹೊರತು ತೀರ್ಮಾನವಲ್ಲ. ಬೀಳುವ ಭಯವಿರುವ ವೃದ್ಧರು ಇವನ್ನು ಒಬ್ಬರೇ ಮಾಡಬಾರದು. ಮೂತ್ರ ಹಾಗೂ ನೀರಿನಲ್ಲಿ ಫ್ಲೋರೈಡ್ ಪ್ರಮಾಣ ಮತ್ತು ಮುಂಗೈಯ ಎಕ್ಸ್-ರೇಯಿಂದ ವೈದ್ಯರು ಖಚಿತಪಡಿಸಿಕೊಳ್ಳುತ್ತಾರೆ. ಮುಂಗೈಯ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿರುವುದು ಫ್ಲೋರೋಸಿಸ್‌ನ ಪ್ರಮುಖ ಗುರುತು.

ಹಲ್ಲಿನ ಮೇಲಿನ ಕಂದು ಗೆರೆಗಳನ್ನು ನೋಡಿ ಮಾತ್ರ ಫ್ಲೋರೋಸಿಸ್ ಗುರುತಿಸುವುದು ತಪ್ಪಾಗಬಹುದು. ಹಲ್ಲು ರೂಪುಗೊಳ್ಳುವ ಬಾಲ್ಯದಲ್ಲಿ ಈ ನೀರು ಕುಡಿದವರಿಗೆ ಮಾತ್ರ ಆ ಗೆರೆಗಳು ಬರುತ್ತವೆ. ಬೇರೆ ಊರಿನಿಂದ ಸೊಸೆಯಾಗಿ ಬಂದು ನಲವತ್ತು ವರ್ಷ ಇಲ್ಲಿನ ನೀರು ಕುಡಿದ ಮಹಿಳೆಯ ಹಲ್ಲು ಬೆಳ್ಳಗಿದ್ದು, ಮೂಳೆಯಲ್ಲಿ ಫ್ಲೋರೈಡ್ ತುಂಬಿರಬಹುದು. ಅದೇ ರೀತಿ, ದುಡಿಮೆಗಾಗಿ ಬೆಂಗಳೂರು, ಮಂಗಳೂರು, ಗೋವಾ ಸೇರಿದವರ ಮೂಳೆಯಲ್ಲಿ ಊರಿನ ನೀರಿನ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ನಗರದಲ್ಲಿ ಮಕ್ಕಳ ಮನೆಯಲ್ಲಿರುವ ಹಿರಿಯರು ಚಿಕಿತ್ಸೆಗೆ ಹೋದಾಗ ತಾವು ಎಲ್ಲಿ, ಎಷ್ಟು ವರ್ಷ, ಯಾವ ನೀರು ಕುಡಿದವರು ಎಂಬುದನ್ನು ವೈದ್ಯರಿಗೆ ತಿಳಿಸುವುದು ಒಳಿತು.

ಇಂಜೆಕ್ಷನ್ನಿನ ಅಪಾಯ

ತಕ್ಷಣ ನೋವು ಇಳಿಸುವ ಇಂಜೆಕ್ಷನ್, ಹೆಸರಿಲ್ಲದ ಪೊಟ್ಟಣದ ಪುಡಿ, ಬಣ್ಣದ ಗುಳಿಗೆಗಳಲ್ಲಿ ಸ್ಟಿರಾಯ್ಡ್ ಇರುವ ಸಾಧ್ಯತೆ ಇರುತ್ತದೆ. ಪದೇ ಪದೇ ದೇಹ ಸೇರುವ ಸ್ಟಿರಾಯ್ಡ್ ಮೂಳೆಯನ್ನು ಟೊಳ್ಳಾಗಿಸುತ್ತದೆ, ಸ್ನಾಯುವನ್ನು ಕರಗಿಸುತ್ತದೆ, ಸೊಂಟದ ಚೆಂಡಿಗೆ ಹೋಗುವ ರಕ್ತಸಂಚಾರವನ್ನೇ ಕೆಡಿಸಬಲ್ಲದು. ಅಂದರೆ ಮೊಣಕಾಲಿಗಾಗಿ ತೆಗೆದುಕೊಂಡ ಔಷಧ ಸೊಂಟವನ್ನು ಮುರಿಯಲು ದಾರಿ ಮಾಡಿಕೊಡುತ್ತದೆ.

ವೈದ್ಯರ ಸಲಹೆಯಿಲ್ಲದೆ ವರ್ಷಗಟ್ಟಲೆ ನುಂಗುವ ನೋವು ನಿವಾರಕಗಳದು ಇನ್ನೊಂದು ಬಗೆ. ಅವು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ಫ್ಲೋರೈಡನ್ನು ಹೊರಹಾಕುವ ಅಂಗವೂ ಅದೇ. ಮೂತ್ರಪಿಂಡ ಸೋತಂತೆಲ್ಲ ಮೂಳೆಯಲ್ಲಿ ನಿಲ್ಲುವ ಫ್ಲೋರೈಡ್ ಹೆಚ್ಚುತ್ತದೆ. ಮುಲಾಮು, ಬಿಸಿ ಶಾಖ, ತೂಕ ಇಳಿಕೆ, ವ್ಯಾಯಾಮ, ವೈದ್ಯರು ಬರೆದ ಅಲ್ಪಾವಧಿಯ ಮಾತ್ರೆ, ಕೊನೆಗೆ ಅಗತ್ಯವಿದ್ದರೆ ಕೀಲು ಬದಲಿ ಶಸ್ತ್ರಚಿಕಿತ್ಸೆ – ಇದು ಸರಿಯಾದ ಕ್ರಮ.

ಬಿದ್ದಾಗ ಏನು ಮಾಡಬೇಕು?

ಬಿದ್ದವರಿಗೆ ಎದ್ದು ನಿಲ್ಲಲಾಗದಿದ್ದರೆ, ಒಂದು ಕಾಲು ಗಿಡ್ಡವಾಗಿ ಪಾದ ಹೊರಕ್ಕೆ ತಿರುಗಿದ್ದರೆ ಸೊಂಟದ ಮುರಿತ ಎಂದೇ ಭಾವಿಸಬೇಕು. ಆದರೆ ಎಲ್ಲ ಮುರಿತವೂ ಹೀಗೆ ಕಾಣಿಸಿಕೊಳ್ಳುವುದಿಲ್ಲ. ಕೆಲವರು ಮುರಿದ ಮೂಳೆಯೊಂದಿಗೇ ನಾಲ್ಕು ಹೆಜ್ಜೆ ಇಡಬಲ್ಲರು. ಸೊಂಟದ ನೋವು ನರಗಳ ಮೂಲಕ ಮೊಣಕಾಲಿನಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಮೊದಲೇ ಮೊಣಕಾಲು ನೋವಿದ್ದವರು ಬಿದ್ದ ಮೇಲೆ ‘ಮೊಣಕಾಲು ಹೆಚ್ಚು ನೋಯುತ್ತಿದೆ’ ಎಂದರೆ ಮನೆಯವರು ಹಳೆಯ ನೋವೆಂದು ಸುಮ್ಮನಾಗುತ್ತಾರೆ. ಬಿದ್ದ ನಂತರದ ಮೊಣಕಾಲು ನೋವಿಗೆ ಸೊಂಟದ ಎಕ್ಸ್-ರೇಯೂ ಆಗಲೇಬೇಕು.

ಬಿದ್ದವರನ್ನು ಎಬ್ಬಿಸಿ ನಡೆಸಬಾರದು, ಕಾಲು ಎಳೆಯಬಾರದು, ತಿಕ್ಕಬಾರದು. ಎರಡು ಕಾಲುಗಳ ನಡುವೆ ದಿಂಬಿಟ್ಟು ಮೆತ್ತಗೆ ಕಟ್ಟಿ, 108 ಆಂಬುಲೆನ್ಸ್‌ಗೆ ಕರೆ ಮಾಡಬೇಕು. ನಾಟಿ ಕಟ್ಟು ಕಟ್ಟಿಸಿ ವಾರಗಟ್ಟಲೆ ಮಲಗಿಸುವುದು ಅತ್ಯಂತ ಅಪಾಯಕಾರಿ. ಈ ಮುರಿತದಲ್ಲಿ ಜೀವಕ್ಕೆ ಕುತ್ತು ತರುವುದು ಮುರಿದ ಮೂಳೆಗಿಂತ ಹಾಸಿಗೆಯೇ: ಬೆನ್ನು ಹುಣ್ಣು, ನ್ಯುಮೋನಿಯಾ, ಕಾಲಿನ ರಕ್ತನಾಳದಲ್ಲಿ ಹೆಪ್ಪು. ವಿಶ್ವದ ಅನೇಕ ದೇಶಗಳ ದಾಖಲೆಗಳಂತೆ ಸೊಂಟ ಮುರಿದ ಹಿರಿಯರಲ್ಲಿ ಐವರಲ್ಲಿ ಒಬ್ಬರಾದರೂ ಒಂದು ವರ್ಷದೊಳಗೆ ಸಾವನ್ನಪ್ಪುತ್ತಾರೆ. ಸಾಧ್ಯವಾದರೆ ಎರಡು ದಿನದೊಳಗೆ ಶಸ್ತ್ರಚಿಕಿತ್ಸೆ ಮಾಡಿ, ಮರುದಿನವೇ ಎಬ್ಬಿಸಿ ಕೂರಿಸುವುದು ಇಂದಿನ ಕ್ರಮ.

2015ರಲ್ಲಿ ಆರಂಭವಾದ ಕೊಪ್ಪಳ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಿಂದಾಗಿ ಜಿಲ್ಲೆಯಲ್ಲೇ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶವಿದೆ. ಪಡಿತರ ಚೀಟಿ, ಆಧಾರ್ ಜೊತೆಯಲ್ಲಿ ಇಟ್ಟುಕೊಂಡರೆ ಅಲೆದಾಟ ತಪ್ಪುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಮೂಳೆಯ ಬಲಕ್ಕೆ ಮುಂದಿನ ಚಿಕಿತ್ಸೆ ಏನೆಂದು ಕೇಳಿಯೇ ಮನೆಗೆ ಬರಬೇಕು. ಒಮ್ಮೆ ಮುರಿದವರಿಗೆ ಮತ್ತೊಮ್ಮೆ ಮುರಿಯುವ ಅಪಾಯ ಹೆಚ್ಚು.

ಬೀಳದಿರಲು

ವ್ಯಾಯಾಮದ ಬಗ್ಗೆ ನಡೆದ ನೂರಕ್ಕೂ ಹೆಚ್ಚು ಪ್ರಯೋಗಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆಯ ಪ್ರಕಾರ, ಹಿರಿಯರು ವ್ಯಾಯಾಮ ಮಾಡುವುದರಿಂದ ಬೀಳುವ ಪ್ರಮಾಣ ಶೇ 23ರಷ್ಟು ಇಳಿಯುತ್ತದೆ. ಇದಕ್ಕೆ ಜಿಮ್ ಬೇಕಿಲ್ಲ.

* ಕುರ್ಚಿಯಲ್ಲಿ ಕುಳಿತು ಒಂದೊಂದೇ ಕಾಲನ್ನು ನೇರ ಚಾಚಿ ಐದು ಎಣಿಸುವವರೆಗೆ ಹಿಡಿಯುವುದು. ದಿನಕ್ಕೆರಡು ಬಾರಿ, ಹತ್ತು ಹತ್ತು ಸಲ.

* ಗಟ್ಟಿ ಕುರ್ಚಿಯಿಂದ ಕೈಯೂರದೆ ಎದ್ದು ಕೂರುವ ಅಭ್ಯಾಸ. ಆಗದಿದ್ದರೆ ಮೊದಮೊದಲು ಕೈಯೂರಿ.

* ಗೋಡೆ ಹಿಡಿದು ಹಿಮ್ಮಡಿ ಎತ್ತಿ ನಿಲ್ಲುವುದು. ಪಕ್ಕದಲ್ಲಿ ಒಬ್ಬರಿರುವಾಗ ಒಂಟಿಕಾಲಲ್ಲಿ ನಿಲ್ಲುವುದು.

* ಬಚ್ಚಲಲ್ಲಿ ಹಿಡಿಕೆ, ಒಣಗಿದ ಒರಟು ನೆಲ, ರಾತ್ರಿಯಿಡೀ ಉರಿಯುವ ಸಣ್ಣ ದೀಪ. ಎತ್ತರದ ಹೊಸ್ತಿಲಿಗೆ ಎದ್ದು ಕಾಣುವ ಬಣ್ಣ.

* ಕುಕ್ಕರಗಾಲಿನ ಶೌಚಾಲಯದ ಮೇಲೆ ಇಡುವ ಕುರ್ಚಿ. ಕತ್ತಲಲ್ಲಿ ಬಯಲಿಗೆ ಹೋಗುವುದು ಬೇಡ.

* ನೋವಿರುವ ಕಾಲಿನ ಎದುರು ಬದಿಯ ಕೈಯಲ್ಲಿ ಊರುಗೋಲು. ಜಾರುವ ಹವಾಯಿ ಚಪ್ಪಲಿಯ ಬದಲು ಹಿಂಬದಿ ಪಟ್ಟಿಯಿರುವ ಚಪ್ಪಲಿ.

* ಕಣ್ಣಿನ ಪೊರೆ ಇದ್ದರೆ ಶಸ್ತ್ರಚಿಕಿತ್ಸೆ ಮುಂದೂಡದಿರುವುದು. ರಕ್ತದೊತ್ತಡ ಅಥವಾ ನಿದ್ರೆಯ ಮಾತ್ರೆಯಿಂದ ತಲೆಸುತ್ತು ಬರುತ್ತಿದ್ದರೆ ವೈದ್ಯರಿಗೆ ತಿಳಿಸುವುದು.

ನೀರಿಗೆ ಪರಿಹಾರ

ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುತ್ತದೆ ಎಂಬುದು ತಪ್ಪು ನಂಬಿಕೆ. ಕುದಿದಾಗ ನೀರು ಆವಿಯಾಗಿ ಫ್ಲೋರೈಡ್ ಸಾಂದ್ರತೆ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸುವುದರಿಂದಲೂ ಪ್ರಯೋಜನವಿಲ್ಲ. ಗ್ರಾಮಗಳ ಶುದ್ಧ ಕುಡಿಯುವ ನೀರಿನ ಘಟಕಗಳಲ್ಲಿರುವ ಆರ್‌ಒ ತಂತ್ರಜ್ಞಾನ ಫ್ಲೋರೈಡನ್ನು ತೆಗೆಯಬಲ್ಲದು. ಆದರೆ ಅದರ ಪೊರೆಯನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಘಟಕ ನಡೆಯುತ್ತಿದ್ದರೂ ಅಪಾಯ ತಪ್ಪದು. ನಾಣ್ಯ ಹಾಕಿದರೆ ನೀರು ಬರುತ್ತದೆಯೇ ಎಂದು ಕೇಳಿದರಷ್ಟೇ ಸಾಲದು. ಆ ನೀರನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ ಎಂಬುದನ್ನೂ ಗ್ರಾಮ ಪಂಚಾಯಿತಿಯಲ್ಲಿ ಕೇಳಬೇಕು. ಅಡುಗೆಗೂ ಅದೇ ನೀರು ಬಳಸಬೇಕು. ಬೇಳೆ, ಅನ್ನ, ಚಹಾ ಎಲ್ಲವೂ ನೀರನ್ನು ಹೀರಿಕೊಳ್ಳುತ್ತವೆ. ಹಾಲಿಲ್ಲದ ಕಡು ಚಹಾ, ಕಪ್ಪು ಉಪ್ಪು, ಅಡಿಕೆಗಳಲ್ಲೂ ಫ್ಲೋರೈಡ್ ಇರುವುದರಿಂದ ಮಿತಿ ಒಳ್ಳೆಯದು.

ಶಾಶ್ವತ ಪರಿಹಾರ ನದಿ ನೀರು ಮತ್ತು ಮಳೆ ನೀರು. ಕುಷ್ಟಗಿ, ಯಲಬುರ್ಗಾ ಭಾಗದ ಗ್ರಾಮಗಳಿಗೆ ಕೃಷ್ಣಾ ನದಿಯ ನೀರು ತರುವ ಬಹುಗ್ರಾಮ ಕುಡಿಯುವ ನೀರಿನ ಯೋಜನೆಯ ಮಹತ್ವ ಇರುವುದು ಇಲ್ಲಿಯೇ. ನಲ್ಲಿಯಲ್ಲಿ ನದಿ ನೀರು ಬಾರದ ದಿನ ಕೊಳವೆ ಬಾವಿಗೆ ಮರಳಿದರೆ ಯೋಜನೆಯ ಫಲ ಮೂಳೆಗೆ ತಲುಪುವುದಿಲ್ಲ.

ಮೂಳೆಯಲ್ಲಿ ಸೇರಿದ ಫ್ಲೋರೈಡ್ ಬೇಗ ಹೊರಹೋಗದು. ಬಿಗಿದ ಬೆನ್ನು ಮತ್ತೆ ಸಡಿಲಗೊಳ್ಳದಿರಬಹುದು. ಆದರೆ ನೀರು ಬದಲಾದರೆ ಕಾಯಿಲೆ ಮುಂದುವರಿಯುವುದು ನಿಲ್ಲುತ್ತದೆ, ಆರಂಭದ ಹಂತದಲ್ಲಿರುವವರ ನೋವು ಇಳಿಯಬಹುದು. ಮುಖ್ಯವಾಗಿ, ಮನೆಯಲ್ಲಿರುವ ಮಕ್ಕಳು ಇದರಿಂದ ಪಾರಾಗುತ್ತಾರೆ. ಅಜ್ಜಿಯ ಮೊಣಕಾಲು ನೋವನ್ನು ವಯಸ್ಸಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗುವ ಮುನ್ನ ಅವರು ಈ ವರ್ಷ ಎಷ್ಟು ಬಾರಿ ಬಿದ್ದರು, ಮನೆಯ ಕೊಡದಲ್ಲಿರುವುದು ಯಾವ ನೀರು ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಿದೆ.